ಮುಂದೆ ಕಾರು, ಹಿಂದೆ ಲಾರಿ

ಕೆಲವರು ಬಸ್‌ಸ್ಟಾಪಿನಲ್ಲಿ ಸುಮ್ಮನೆ ನಿಂತಿದ್ದರೂ ಅವರಿಗೆ ಏನಾದರೊಂದು ಆಗುತ್ತದೆ. ನಮಗೆ ಹಾಗಿಲ್ಲ. ಗಾಡಿ ತೆಗೆದರೆ ಮಾತ್ರ ಆಗುತ್ತದೆ. ಆದರೆ ಗಾಡಿ ತೆಗೆದಾಗಲೆಲ್ಲ ಆಗುತ್ತದೆ.

ನಮ್ಮ ಗಾಡಿ ಕಾರಲ್ಲ, ಲಾರಿಯೂ ಅಲ್ಲ. ಎದುರಿನಿಂದ ನೋಡಿದರೆ ನಾಲ್ಕು ಬಾಗಿಲು, ಐದು ಜನ ಕೂರುವ ಮೆತ್ತನೆಯ ಸೀಟು, ಎ.ಸಿ., ಹಾಡು ಕೇಳಲು ಸ್ಟೀರಿಯೋ. ಓಹೋ, ಒಳ್ಳೆ ಕಾರು ಎಂದುಕೊಂಡು ಪಕ್ಕಕ್ಕೆ ಬಂದರೆ, ಬೆನ್ನ ಹಿಂದೆ ಮಿನಿ ಲಾರಿಯ ಹಾಗೆ ತೆರೆದ ಬಾಡಿ. ಪಿಕಪ್ ಎನ್ನುತ್ತಾರೆ. ಈಗೀಗ ಅಲ್ಲಲ್ಲಿ ಕಾಣುತ್ತವೆ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಆ ಕಾಲದಲ್ಲಿ ರಾಜಗೋಪಾಲನಗರದ ನಮ್ಮ ಬೀದಿಗೆ ಅದೇ ಮೊದಲು, ಅದೇ ಕೊನೆ.

ಅದನ್ನು ಕೊಂಡ ಕಥೆ ಸಣ್ಣದು. ಪೀಣ್ಯದಲ್ಲಿ ನನ್ನದೊಂದು ಶೆಡ್ಡಿದೆ. ಕರೆಂಟಿನ ಸ್ವಿಚ್ಚು, ಫ್ಯೂಸು ಕೂರಿಸುವ ದೊಡ್ಡ ದೊಡ್ಡ ತಗಡಿನ ಡಬ್ಬಿಗಳನ್ನು ಮಾಡಿ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ಕಾರ್ಖಾನೆಗಳಿಗೆ ಕೊಡುತ್ತೇನೆ. ಹಾಗಾಗಿ ನನಗೆ ಸಾಮಾನು ಹೊರುವ ಗಾಡಿ ಬೇಕಿತ್ತು. ನನ್ನ ಹೆಂಡತಿಗೆ ಕಾರು ಬೇಕಿತ್ತು. ಮದುವೆಯಾದಾಗಿನಿಂದ ಅವಳು ನೆಂಟರ ಮನೆಗೆ ಹೋದದ್ದು ನನ್ನ ಸ್ಕೂಟರಿನ ಹಿಂದೆ, ಇಲ್ಲವೇ ಡಬ್ಬಿ ಹೊತ್ತ ಬಾಡಿಗೆ ಟೆಂಪೋದಲ್ಲಿ ಡ್ರೈವರಿನ ಪಕ್ಕ ಗೇರಿಗೆ ಮಂಡಿ ತಾಗದಂತೆ ಮುದುಡಿಕೊಂಡು. ಅವಳ ತಂಗಿ ಬೆಳ್ಳಂದೂರಿನ ದೊಡ್ಡ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಒಂದು ಸಲ ಒಳ್ಳೆಯ ಸೀರೆ ಉಟ್ಟು ತಂಗಿಯ ಮನೆಯ ಮುಂಬಾಗಿಲಲ್ಲಿ ಕಾರಿನಿಂದ ಇಳಿಯಬೇಕು ಎನ್ನುವುದಷ್ಟೇ ಅವಳ ಆಸೆ. ಇದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ. ಅದಕ್ಕೇ ಅದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಮನೆ ಮುಂದೆ ಎರಡು ಗಾಡಿ ನಿಲ್ಲಿಸುವಷ್ಟು ಜಾಗವಿಲ್ಲ. ಶೋರೂಮಿನವನು ನಮ್ಮಿಬ್ಬರ ವಾದ ಕೇಳಿ, ಇದರಲ್ಲಿ ಎರಡೂ ಇದೆ ಸಾರ್ ಎಂದ. ಎರಡರ ತಾಪತ್ರಯವೂ ಇದೆ ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ.

ಪೂಜೆ

ಗಾಡಿ ಬಂದ ದಿನ ನೇರವಾಗಿ ದೇವಸ್ಥಾನಕ್ಕೆ ಹೋದೆವು. ಹೆಂಡತಿ ಗುಲಾಬಿ ಹಾರ, ಡ್ಯಾಶ್‌ಬೋರ್ಡಿಗೆ ಅಂಟಿಸಲು ಬೆರಳುದ್ದದ ಗಣಪ, ನಾಲ್ಕು ನಿಂಬೆಹಣ್ಣು ತಂದಿದ್ದಳು. ಅಷ್ಟರಲ್ಲಿ ನಮ್ಮ ಶೆಡ್ಡಿನವರು ಬಂದರು. ಅವರ ಪಾಲಿಗೆ ಅದು ಅಪ್ಪಟ ಲಾರಿ. ಎರಡು ಬಾಳೆಕಂದು, ಒಂದು ಬೂದುಗುಂಬಳ, ಕಪ್ಪು ಹಗ್ಗ, ಹಿಂದೆ ನೇತುಹಾಕಲು ಕೋರೆಹಲ್ಲಿನ ದೃಷ್ಟಿಬೊಂಬೆ, ಎಲ್ಲವನ್ನೂ ತಂದಿದ್ದರು.

ನನ್ನ ಹೆಂಡತಿ ಆ ಬೊಂಬೆಯನ್ನು ನೋಡಿ, ಇದನ್ನು ಕಟ್ಟಿಕೊಂಡು ನಾನು ತಂಗಿ ಮನೆಗೆ ಹೋಗುವುದೇ ಎಂದಳು. ಬೊಂಬೆ ಕಟ್ಟದೆ ಹೊಸ ಗಾಡಿ ರೋಡಿಗಿಳಿಸುವುದುಂಟೇ ಎಂದು ಶೆಡ್ಡಿನವರು. ನಾನು ಇಬ್ಬರ ನಡುವೆ ಕರ್ಪೂರದ ತಟ್ಟೆ ಹಿಡಿದುಕೊಂಡು ಗೋಡೆ ನೋಡುತ್ತ ನಿಂತೆ. ವಯಸ್ಸಾದ ಅರ್ಚಕರು ಗಾಡಿಗೆ ಪ್ರದಕ್ಷಿಣೆ ಬರುವವರಂತೆ ಒಂದು ಸುತ್ತು ಬಂದು, ಮುಂದೆ ನಿಂತು ಯೋಚಿಸಿ, ಹಿಂದೆ ಹೋಗಿ ಯೋಚಿಸಿ, ಕೊನೆಗೆ ತೀರ್ಪು ಕೊಟ್ಟರು.

"ಮುಂದಿನ ಎರಡು ಚಕ್ರ ಅಮ್ಮಾವ್ರದು. ಹಿಂದಿನ ಎರಡು ನಿಮ್ದು. ದೇವರ ಮುಂದೇನೇ ಪಾಲಾಗಿದೆ, ಮನೇಗೆ ಹೋಗಿ ಜಗಳ ಆಡ್ಬೇಡಿ."

ಮುಂದೆ ಗುಲಾಬಿ ಹಾರ ಬಿತ್ತು, ಹಿಂದೆ ಬೊಂಬೆ ನೇತಾಡಿತು. ಅಂದಿನಿಂದ ಆ ಪಾಲು ಹಾಗೇ ನಡೆಯಿತು. ಒಳಗಿನ ಸೀಟುಗಳಿಗೆಲ್ಲ ಅವಳು ಕೈಯಾರೆ ಹೊಲಿದ ಕವರು ಬಂತು, ಕಾಲಡಿಗೆ ಚಾಪೆ ಬಂತು. ಒಳಗೆ ಬರುವ ಮುನ್ನ ನಾನು ಬೂಟು ಒದರಬೇಕಿತ್ತು. ಒಂದು ದಿನ ಸೀಟಿನ ಮೇಲೆ ಅಪ್ಪಿತಪ್ಪಿ ಎರಡು ಬೋಲ್ಟು ಇಟ್ಟಿದ್ದಕ್ಕೆ, ನಿಮ್ಮ ಕಡೆಯವರು ನಮ್ಮ ಕಡೆ ಬಂದಿದ್ದಾರೆ, ಕರ್ಕೊಂಡ್ಹೋಗಿ ಎಂದಳು.

ಭಾನುವಾರದ ಮಹಾತಾಯಿ

ಮೊದಲ ಸಲ ಹೆಂಡತಿ ಜರಿ ಸೀರೆಯುಟ್ಟು ಆ ಗಾಡಿಯಲ್ಲಿ ಹೊರಟದ್ದು ದಾಸರಹಳ್ಳಿಯ ಕಲ್ಯಾಣಮಂಟಪದಲ್ಲಿದ್ದ ಮದುವೆಯೊಂದಕ್ಕೆ. ಕಿಟಕಿಯ ಗಾಜನ್ನು ಪೂರ್ತಿ ಏರಿಸಿ, ಎ.ಸಿ. ಹಾಕಿಸಿಕೊಂಡು, ಬೀದಿಯ ಎರಡೂ ಕಡೆ ಯಾರು ಯಾರು ನೋಡುತ್ತಿದ್ದಾರೆಂದು ನೋಡದಂತೆ ನೋಡುತ್ತ ಕೂತಿದ್ದಳು.

ನಾಲ್ಕನೇ ತಿರುವಿನಲ್ಲಿ ಒಬ್ಬಾಕೆ ನೈಟಿಯ ಮೇಲೆ ಟವೆಲ್ ಹೊದ್ದು ಕೈ ಬೀಸುತ್ತ ನಮ್ಮ ಹಿಂದೆ ಓಡೋಡಿ ಬರುತ್ತಿರುವುದು ಕನ್ನಡಿಯಲ್ಲಿ ಕಾಣಿಸಿತು. ಯಾರೋ ಗುರುತಿನವರಿರಬೇಕು ರೀ, ಮದುವೆಗೆ ಬರುತ್ತಾರೇನೋ, ನಿಲ್ಸಿ ಎಂದಳು ಹೆಂಡತಿ. ನಿಲ್ಲಿಸಿದೆ. ಪಾಪ, ಕೂರಿಸಿಕೊಂಡು ಹೋಗೋಣ ಎಂದು ಹಿಂದಿನ ಸೀಟಿನ ಮೇಲಿದ್ದ ಉಡುಗೊರೆಯನ್ನೂ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಆಕೆ ಏದುಸಿರು ಬಿಡುತ್ತ ಬಂದು, ಹಿಂದಿನ ಬಾಡಿಗೆ ದಪ್ಪನೆಯ ಎರಡು ಕಸದ ಚೀಲ ಎಸೆದು, ಕಿಟಕಿಯ ಹತ್ತಿರ ಬಂದು ಗಾಜು ತಟ್ಟಿದಳು. ಹೆಂಡತಿ ಗಾಜು ಇಳಿಸಿದಳು.

"ನಿನ್ನೆ ಯಾಕೆ ಬರ್ಲಿಲ್ಲ ನೀವು?" ಎಂದಳು ಆ ಮಹಾತಾಯಿ.

ಖಾಲಿ ಮನೆ

ನಮ್ಮದು ಬಾಡಿಗೆ ಮನೆಗಳ ಬೀದಿ. ನಮ್ಮದೊಂದು ಅಪ್ಪನ ಕಾಲದ ಸ್ವಂತ ಮನೆ ಬಿಟ್ಟರೆ ಸುತ್ತ ಎಲ್ಲರೂ ಬರುವವರು, ಹೋಗುವವರು. ಗಾಡಿಗೆ ಹಿಂದೆ ಬಾಡಿಯಿದೆ ಎಂದು ತಿಳಿದ ಮೇಲೆ, ಅಲ್ಲಿಯವರೆಗೆ ನಮ್ಮ ಮುಖವನ್ನೂ ನೋಡದವರೆಲ್ಲ ಅಣ್ಣ, ಅಕ್ಕ ಎನ್ನತೊಡಗಿದರು. ಭಾನುವಾರ ಬಂತೆಂದರೆ ಯಾರದೋ ಬೀರು, ಯಾರದೋ ಮಂಚ ನಮ್ಮ ಗಾಡಿಯ ಮೇಲೆ.

ಎದುರು ಮನೆಯವರು ಬಾಗಲಗುಂಟೆಗೆ ಮನೆ ಬದಲಾಯಿಸಿದರು. ಒಳ್ಳೆಯ ಜನ. ಅವರ ವಯಸ್ಸಾದ ಅತ್ತೆ, ಬಾಣಂತಿ ಮಗಳು, ಹಸುಗೂಸು, ಹೊಸ ಮನೆಯಲ್ಲಿ ಉಕ್ಕಿಸಬೇಕಾದ ಹಾಲಿನ ಪಾತ್ರೆ, ದೇವರ ಫೋಟೋ, ಇವರನ್ನೆಲ್ಲ ಬಿಸಿಲಿಗೆ ಕೂರಿಸಲಾದೀತೇ? ನನ್ನ ಹೆಂಡತಿಯೇ ಮುಂದಾಗಿ, ಇವರೆಲ್ಲ ಒಳಗೆ ಕೂರಲಿ ಎಂದಳು. ಎದುರು ಮನೆಯಾತನಿಗೆ ಡ್ರೈವಿಂಗ್ ಬರುತ್ತಿತ್ತು. ಕೊನೆಗೆ ಲೆಕ್ಕ ಹೇಗಾಯಿತೆಂದರೆ, ಅವರ ಮನೆಯವರೆಲ್ಲ ನಮ್ಮ ಎ.ಸಿ.ಯಲ್ಲಿ ಮುಂದೆ ಕೂತರು. ಗಾಡಿಯ ಯಜಮಾನರಾದ ನಾವಿಬ್ಬರು ಅವರ ಬೀರು ಬೀಳದಂತೆ ಹಿಡಿದುಕೊಂಡು ಹಿಂದೆ ನಿಂತೆವು.

ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿಯಿತ್ತು. ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ನನ್ನ ಹೆಂಡತಿ ಆ ಕನ್ನಡಿ ನೋಡಿಕೊಂಡು ಕೆದರಿದ ಕೂದಲು ಸರಿಮಾಡಿ, ಬೊಟ್ಟು ನೇರ ಮಾಡಿಕೊಂಡಳು. ಪಕ್ಕದಲ್ಲಿ ನಿಂತಿದ್ದ ಸ್ಕೂಟರಿನಾತನೂ ಅದೇ ಕನ್ನಡಿಯಲ್ಲಿ ಮೀಸೆ ತೀಡಿಕೊಂಡ. ಅಷ್ಟರಲ್ಲಿ ಅವಳ ದೇವಸ್ಥಾನದ ಗೆಳತಿಯೊಬ್ಬರು ಆಟೋದೊಳಗಿಂದ ಕತ್ತು ಹೊರಹಾಕಿ, ಏನ್ರೀ, ಮನೆ ಖಾಲಿ ಮಾಡ್ತಿದ್ದೀರಾ ಎಂದು ಕೂಗಿದರು. ಇವಳು ಉತ್ತರ ಹೇಳುವಷ್ಟರಲ್ಲಿ ಹಸಿರು ಬಂತು. ಇವಳು ಕೈ ಬೀಸಿದಳು. ಅವರು ಅದನ್ನು ಹೌದು ಎಂದುಕೊಂಡರು.

ಮಾರನೆಯ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದಾಗ ಗಂಡ ಹೆಂಡತಿ ಇಬ್ಬರು ಬಂದು ನನ್ನ ಮನೆಯನ್ನು ಮೇಲಿಂದ ಕೆಳಗೆ ನೋಡಿ, ನೀರು ದಿನಾ ಬರುತ್ತಾ ಸಾರ್ ಎಂದು ಕೇಳಿದರು. ಬರುತ್ತೆ ಎಂದೆ. ಆಮೇಲೆ ಅವರು ಅಡುಗೆಮನೆ ನೋಡಬೇಕೆಂದರು.

ಪರ್ಮಿಟ್ಟು

ಬೆಳಗಿನ ಹೊತ್ತು ಕೆಲವು ರಸ್ತೆಗಳಿಗೆ ಸಾಮಾನಿನ ಗಾಡಿಗಳು ಬರುವಂತಿಲ್ಲ. ಕಾರುಗಳು ಬರಬಹುದು. ಒಂದು ದಿನ ಡಬ್ಬಿಗಳನ್ನು ತುಂಬಿಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಿದ್ದೆ. ಎದುರಿಗೆ ನಿಂತಿದ್ದ ಟ್ರಾಫಿಕ್ ಪೊಲೀಸಿನವರು ಗಾಡಿಯ ಮೂತಿ ನೋಡಿ ಹೋಗಿ ಎಂದು ಕೈ ಮಾಡಿದರು. ಗಾಡಿ ಅವರನ್ನು ದಾಟುತ್ತಿದ್ದಂತೆ ಹಿಂದಿನ ಭಾಗ ಕಂಡು ಸೀಟಿ ಊದಿದರು. ನಿಲ್ಲಿಸಿದೆ. ಅವರು ಸಿಟ್ಟಿನವರಲ್ಲ, ಗೊಂದಲದಲ್ಲಿದ್ದರು. ಇದೇನು ಕಾರಾ, ಗೂಡ್ಸಾ ಎಂದರು. ಮುಂದೆ ಕಾರು, ಹಿಂದೆ ಲಾರಿ ಸಾರ್ ಎಂದು ಇದ್ದದ್ದನ್ನೇ ಹೇಳಿದೆ.

"ಸರಿ ಹಂಗಾದ್ರೆ. ಮುಂದಿನ ಭಾಗ ಈಗ ಹೋಗ್ಲಿ. ಹಿಂದಿನ ಭಾಗ ಹನ್ನೊಂದು ಗಂಟೆ ಮೇಲೆ ಬರ್ಲಿ" ಎಂದರು.

ಹನ್ನೊಂದರವರೆಗೆ ರಸ್ತೆ ಬದಿಯಲ್ಲಿ ಎರಡೂ ಭಾಗಗಳ ಜೊತೆ ಕಾದೆ. ಮುಂದಿನ ವಾರ ಅದೇ ಜಾಗದಲ್ಲಿ ಅದೇ ಪೊಲೀಸಿನವರು. ಆದರೆ ಅಂದು ಹೆಂಡತಿಗೆ ಜಯನಗರದಲ್ಲಿ ಏನೋ ಕೆಲಸವಿದ್ದುದರಿಂದ ಪಕ್ಕದಲ್ಲಿ ಕೂತಿದ್ದಳು. ಅವರು ಬಗ್ಗಿ ನೋಡಿದರು. ಮಲ್ಲಿಗೆ ಮುಡಿದ ಹೆಂಗಸು, ಮಡಿಲಲ್ಲಿ ಊಟದ ಡಬ್ಬಿ. ಫ್ಯಾಮಿಲಿ ಇದಾರೆ, ಕಾರೇ ಹೋಗ್ಲಿ ಬಿಡಿ ಎಂದು ಕಳಿಸಿಕೊಟ್ಟರು.

ಆಮೇಲೆ ನಾನು ಡೆಲಿವರಿಗೆ ಹೋಗುವಾಗಲೆಲ್ಲ ಏನಾದರೊಂದು ನೆಪ ಹೇಳಿ ಅವಳನ್ನು ಹೊರಡಿಸುತ್ತಿದ್ದೆ. ಅವಳು ಚಿತ್ರಾನ್ನ ಕಟ್ಟುತ್ತಿದ್ದಳು, ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದಳು. ಹೊಸೂರು ರಸ್ತೆಯ ಬದಿಯಲ್ಲಿ ಒಂದು ಹೊಂಗೆಮರವಿತ್ತು, ಅದರ ನೆರಳಿಗೆ ಗಾಡಿ ಹಾಕಿ ಇಬ್ಬರೂ ಉಣ್ಣುತ್ತಿದ್ದೆವು. ಅವಳು ಹೇಳುವುದು ಬಹಳವಿತ್ತು, ನಾನು ಕೇಳಿರಲಿಲ್ಲ ಅಷ್ಟೆ. ಮದುವೆಯಾಗಿ ಅಷ್ಟು ವರ್ಷವಾದರೂ ನಾವಿಬ್ಬರೇ ಒಂದು ಕಡೆ ಅಷ್ಟು ಹೊತ್ತು ಕೂತದ್ದು ಆ ಗಾಡಿಯಲ್ಲೇ ಮೊದಲು. ಅದು ನನಗೆ ತುಂಬಾ ಹಿಡಿಸಿತ್ತು. ಆದರೆ ಹೀಗೆಂದು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಹೇಳಬೇಕಾದ ಹೊತ್ತಿನಲ್ಲಿ ಹೇಳಿದ್ದೂ ಬೇರೆ. ಡಬ್ಬಿ ಇಳಿಸಿಕೊಳ್ಳುವ ಕಾರ್ಖಾನೆಯ ಸ್ಟೋರಿನವರು ಒಂದು ದಿನ, ಡೆಲಿವರಿಗೆ ಮೇಡಂ ಯಾಕೆ ಬರ್ತಾರೆ ಸಾರ್ ಎಂದು ಕೇಳಿದರು. ನಾನು ಯೋಚನೆ ಮಾಡದೆ, ಇವರೇ ನಮ್ಮ ಪರ್ಮಿಟ್ಟು ಎಂದುಬಿಟ್ಟೆ.

ಅವಳು ಸಿಲ್ಕ್ ಬೋರ್ಡ್ ಸಿಗ್ನಲ್ ಬರುವವರೆಗೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೇ ಕೂತಳು. ಅದೃಷ್ಟಕ್ಕೆ ಸಿಲ್ಕ್ ಬೋರ್ಡಿನಲ್ಲಿ ಅಂದು ಎಂಥ ಟ್ರಾಫಿಕ್ಕು ಎಂದರೆ, ಸಿಗ್ನಲ್ ದಾಟುವಷ್ಟರಲ್ಲಿ ನಮ್ಮ ರಾಜಿಯೂ ಆಗಿತ್ತು.

ಹಿಂದಿನ ಗೇಟು

ಇಷ್ಟೆಲ್ಲ ಆದರೂ ಅವಳು ಎದುರುನೋಡುತ್ತಿದ್ದ ದಿನ ಇನ್ನೂ ಬಂದಿರಲಿಲ್ಲ. ಕೊನೆಗೆ ತಂಗಿಯ ಮದುವೆಯ ವಾರ್ಷಿಕೋತ್ಸವಕ್ಕೆ ಕರೆ ಬಂತು. ಆಗ ತಂಗಿ, ನನ್ನ ಷಡ್ಡಕ ಅದೇ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ಬಾಡಿಗೆಗಿದ್ದರು. ಹಿಂದಿನ ದಿನವೇ ಗಾಡಿ ತೊಳೆಸಿ, ದೃಷ್ಟಿಬೊಂಬೆಯನ್ನು ಬಿಚ್ಚಿಸಿ, ಹಿಂದಿನ ಬಾಡಿಗೆ ಹೊಸ ಟಾರ್ಪಾಲು ಹೊದಿಸಿದೆ. ಅವಳು ಮದುವೆಯ ಸೀರೆ ಉಟ್ಟಳು.

ಗೇಟಿನ ಸೆಕ್ಯುರಿಟಿಯಾತ ರಾಯಚೂರು ಕಡೆಯವನು. ನಯವಾದ ಮನುಷ್ಯ. ಗಾಡಿಯ ಸುತ್ತ ಬಂದು, ಟಾರ್ಪಾಲು ಎತ್ತಿ ನೋಡಿ, ಸಾಮಾನಿನ ಗಾಡಿ ಹಿಂದಿನ ಗೇಟಿಗೆ ಹೋಗಬೇಕು ಎಂದ. ಸಾಮಾನಿಲ್ಲವಲ್ಲ, ನಾವು ಗೆಸ್ಟು ಎಂದಳು ಹೆಂಡತಿ.

"ನೀವು ಗೆಸ್ಟ್ ಅದೀರಿ ಅಕ್ಕಾರ. ಗಾಡಿ ಗೆಸ್ಟ್ ಅಲ್ರಿ" ಎಂದ.

ಬೇಕಾದರೆ ಅಕ್ಕ ಇಲ್ಲೇ ಇಳಿದು ಮುಂದಿನಿಂದ ನಡೆದು ಹೋಗಲಿ, ಗಾಡಿ ಮಾತ್ರ ಹಿಂದೆ ಹೋಗಲಿ ಎಂದೂ ಹೇಳಿದ. ನಾನು ಅವಳ ಮುಖ ನೋಡಿದೆ. ಅವಳು ಬಾಗಿಲಿಗೆ ಕೈ ಹಾಕಲಿಲ್ಲ. ನಡೀರಿ, ಇಬ್ಬರೂ ಹಿಂದಿನಿಂದಲೇ ಹೋಗೋಣ ಎಂದಳು.

ಹಿಂದಿನ ಗೇಟಿನಲ್ಲಿ ಗ್ಯಾಸ್ ಸಿಲಿಂಡರಿನ ಆಟೋ ನಮಗಿಂತ ಮುಂದಿತ್ತು, ತರಕಾರಿಯ ಟೆಂಪೋ ನಮ್ಮ ಹಿಂದಿತ್ತು. ಸಾಮಾನಿನ ಲಿಫ್ಟಿನಲ್ಲಿ ಒಂದು ಹಳೆಯ ಸೋಫಾ ಮೇಲಕ್ಕೆ ಹೋಗುತ್ತಿತ್ತು. ಜಾಗವಿಲ್ಲದೆ ಅವಳು ಅದರ ಮೇಲೆಯೇ ಕೂರಬೇಕಾಯಿತು. ಮಡಿಲಲ್ಲಿ ಹಣ್ಣಿನ ತಟ್ಟೆ. ಮೇಲೆ ತಂಗಿ ನಮ್ಮನ್ನು ಎದುರುಗೊಳ್ಳಲು ಮುಂದಿನ ಲಿಫ್ಟಿನ ಎದುರು ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ನಾವು ಅವಳ ಬೆನ್ನ ಹಿಂದೆ ಸೋಫಾ ಸಮೇತ ಬಂದು ನಿಂತೆವು. ಸೋಫಾ ಹೊತ್ತವರು ತಂಗಿಗೆ, ಎಲ್ಲಿ ಇಳಿಸೋದು ಮೇಡಂ ಎಂದು ಕೇಳಿದರು. ತಂಗಿ ತಿರುಗಿ ಅಕ್ಕನನ್ನು ನೋಡಿ ಕಣ್ಣರಳಿಸಿದಳು. ನನ್ನ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ನಗು ಅಲ್ಲಿಗೇ ಮುಗಿಯಿತು. ವಾಪಸು ಬರುವಾಗ ಹೆಬ್ಬಾಳದ ಹತ್ತಿರ ಹೇಳಿದಳು: "ಮಾರ್ಬಿಡಿ ರೀ ಇದನ್ನ. ನಂಗೆ ಕಾರೂ ಬೇಡ. ಆಟೋದಲ್ಲಿ ಬಂದ್ರೂ ಮುಂದಿನ ಗೇಟಲ್ಲಿ ಬಿಡ್ತಾರೆ."

ಆ ವಾರವೆಲ್ಲ ಊಟವಾದ ಮೇಲೆ ಅದೇ ಮಾತು. ಇಟ್ಟುಕೊಳ್ಳಲು ನನ್ನ ಹತ್ತಿರ ಕಾರಣಗಳು ರಾಶಿಯಿದ್ದವು. ಟೆಂಪೋದವರ ದಾರಿ ಕಾಯುವುದು ತಪ್ಪಿದೆ, ಶೆಡ್ಡಿಗೂ ಮನೆಗೂ ಒಂದೇ ಗಾಡಿ, ಗುಂಡಿ ಬಿದ್ದ ಪೀಣ್ಯದ ರಸ್ತೆಗೆ ಹೇಳಿ ಮಾಡಿಸಿದ್ದು. ಮಾರಲೂ ಕಾರಣಗಳಿದ್ದವು. ಖಾಲಿ ಹೋದರೆ ಕುಣಿಯುತ್ತದೆ, ನಮ್ಮ ಬೀದಿಯಲ್ಲಿ ತಿರುಗಿಸಲು ಅರ್ಧ ಬೀದಿಯವರ ಸಹಾಯ ಬೇಕು, ಮಳೆ ಬಂದರೆ ಹಿಂದಿದ್ದದ್ದೆಲ್ಲ ನೀರುಪಾಲು. ಅವಳು ಇವು ಯಾವುದನ್ನೂ ಎತ್ತಲಿಲ್ಲ. ಅವಳಿಗಿದ್ದದ್ದು ಒಂದೇ ಕಾರಣ, ಆ ಗೇಟು. ಹೊಂಗೆಮರದ ಕೆಳಗಿನ ಊಟದ ಮಾತನ್ನು ತೆಗೆಯಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ನಾಚಿಕೆಯಾಗಿ ಡೀಸೆಲ್ಲಿನ ಮಾತಾಡಿದೆ. ಕೊನೆಗೆ ಒಪ್ಪಿಕೊಂಡೆ.

ನೆಲಮಂಗಲದ ಕಡೆ ಹೂಗಿಡಗಳ ನರ್ಸರಿ ಇಟ್ಟವರೊಬ್ಬರು ಕೊಳ್ಳಲು ಬಂದರು. ಗಾಡಿಗೆ ಏನಾದರೂ ತೊಂದರೆಯಿದೆಯೇ ಎಂದು ಫೋನಿನಲ್ಲಿ ಕೇಳಿದಾಗ ಹೆಂಡತಿಯೇ ಉತ್ತರ ಹೇಳಿದಳು.

"ಗಾಡೀದೇನೂ ತೊಂದ್ರೆ ಇಲ್ಲ ಅಣ್ಣ. ಗೇಟುಗಳದ್ದೇ ತೊಂದ್ರೆ."

ಗೃಹಪ್ರವೇಶ

ಅಷ್ಟರಲ್ಲಿ ತಂಗಿ ಅದೇ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಸ್ವಂತ ಮನೆ ಕೊಂಡಳು. ಗೃಹಪ್ರವೇಶ ಭಾನುವಾರ ಬೆಳಿಗ್ಗೆ. ನರ್ಸರಿಯವರು ಅಂದೇ ಸಂಜೆ ಬಂದು ಗಾಡಿ ತೆಗೆದುಕೊಂಡು ಹೋಗುವುದೆಂದು ಮಾತಾಯಿತು. ಈ ಸಲವಾದರೂ ಅವಳು ಮುಂದಿನ ಗೇಟಿನಲ್ಲಿ ಇಳಿಯಲಿ ಎಂದು ನಾನು ಒಂದು ಬಿಳಿ ಬಾಡಿಗೆ ಕಾರಿಗೆ ಹೇಳಿದ್ದೆ. ಅವಳ ತಾಯಿ, ನಮ್ಮ ಅತ್ತೆಯವರು, ಹಿಂದಿನ ದಿನವೇ ನಮ್ಮ ಮನೆಗೆ ಬಂದಿದ್ದರು.

ಬೆಳಗಾಗುವ ಹೊತ್ತಿಗೆ ತಂಗಿಯ ಫೋನು. ಅಳುತ್ತಿದ್ದಳು. ಹೊಸ ಮನೆಗೆ ಮೊದಲು ಹಸುವೂ ಕರುವೂ ಕಾಲಿಡಬೇಕಲ್ಲ, ಅದಕ್ಕೆಂದು ಹೇಳಿದ್ದ ಹಸುವಿನವನು ಕೈಕೊಟ್ಟಿದ್ದ. ಒಳ್ಳೆಯ ಮುಹೂರ್ತದ ದಿನ. ಆ ಸುತ್ತಿನ ಎಲ್ಲ ಅಪಾರ್ಟ್‌ಮೆಂಟುಗಳಿಗೂ ಅವನದೊಂದೇ ಹಸು. ಅದು ಎರಡು ಮನೆ ಹೊಕ್ಕು, ಮೂರನೆಯ ಮನೆಯ ಬಾಗಿಲಲ್ಲಿ ಸುಸ್ತಾಗಿ ಮಲಗಿಬಿಟ್ಟಿತ್ತಂತೆ.

ನಮ್ಮ ಬೀದಿಯ ಕೊನೆಯಲ್ಲಿ ಹಾಲು ಕೊಡುವ ಅಜ್ಜಿಯೊಬ್ಬರಿದ್ದಾರೆ. ಸುತ್ತ ಶೆಡ್ಡು ಏಳುವ ಮೊದಲಿನಿಂದಲೂ ಅಲ್ಲೇ ಇರುವ ಮನೆತನ. ಅವರದೊಂದು ಪುಟ್ಟ ನಾಟಿ ಹಸು, ಅದಕ್ಕೊಂದು ಹೆಣ್ಣುಕರು. ನನ್ನ ಹೆಂಡತಿ ಪ್ರತಿ ಶುಕ್ರವಾರ ಪೂಜೆ ಮುಗಿಸಿ ಆ ಹಸುವಿಗೆ ಅಕ್ಕಿ ಬೆಲ್ಲ ಕೊಡುತ್ತಾಳೆ. ಇಬ್ಬರೂ ಓಡಿದೆವು. ಅಜ್ಜಿ ಹಸು ಕೊಡಲು ಒಪ್ಪಿದರು. ತಾವು ಬರುವಂತಿರಲಿಲ್ಲ, ಮನೆಮನೆಗೆ ಹಾಲು ಕೊಡಬೇಕಿತ್ತು.

"ನಿನ್ನೆಂಡ್ರು ಜತೆ ಆದ್ರೆ ಬತ್ತದೆ, ಬ್ಯಾರೇರ್ ಜತೆ ಬರಾಕಿಲ್ಲ" ಎಂದರು. "ಕರಾ ಅದ್ರ ಕಣ್ಮುಂದೆ ಇರ್ಬೇಕು, ಇಲ್ದಿದ್ರೆ ದಾರೀನಾಗೆ ನೆಗೆದ್ಬಿಡ್ತದೆ."

ಬಿಳಿ ಕಾರು ಬಂದು ಮನೆ ಮುಂದೆ ನಿಂತಿತ್ತು. ಅವಳು ಅದನ್ನು ಒಂದು ಸಲ ನೋಡಿದಳು. ಕೂಡಲೇ ಅತ್ತೆಯವರನ್ನು ಅದರಲ್ಲಿ ಕೂರಿಸಿ ಕಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಹತ್ತಿರ ಬಂದು, ಹಲಗೆ ಎಲ್ಲಿದೆ ರೀ ಎಂದಳು. ಶೆಡ್ಡಿನ ಹಲಗೆಯನ್ನು ಇಳಿಜಾರಾಗಿ ಇಟ್ಟು, ಹಿಂದಿನ ಬಾಡಿಯಲ್ಲಿ ಹುಲ್ಲು ಹರಡಿದೆವು. ಅವಳು ಮುಂದೆ ಬಾಳೆಹಣ್ಣು ಹಿಡಿದು ಬಾರೇ ಬಾರೇ ಎನ್ನುತ್ತ ಹತ್ತಿದಳು, ಹಸು ಅವಳ ಹಿಂದೆಯೇ ಹತ್ತಿತು. ಕರುವನ್ನೂ ಅಲ್ಲೇ ಹಾಕಿದರೆ ಬ್ರೇಕು ಹಾಕಿದಾಗ ತಾಯಿಯ ಕಾಲ ಕೆಳಗೆ ಸಿಕ್ಕೀತು. ಎಲ್ಲಿಡುವುದು?

ಒಂದು ಬೋಲ್ಟನ್ನೂ ಸಹಿಸದ ನನ್ನ ಹೆಂಡತಿ ತಾನು ಹೊಲಿದ ಕವರಿನ ಮೇಲೆ ಹಳೆಯ ಸೀರೆ ಹಾಸಿ, ಕರುವನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

ಹಿಂದಿನ ಗಾಜಿನಲ್ಲಿ ಸರಿಸುವ ಸಣ್ಣ ಕಿಟಕಿಯೊಂದಿತ್ತು. ಕರು ಕಾಣಲೆಂದು ಅದನ್ನು ತೆಗೆದಿಟ್ಟೆವು. ಔಟರ್ ರಿಂಗ್ ರೋಡಿನ ಉದ್ದಕ್ಕೂ ನನ್ನ ಕನ್ನಡಿಯಲ್ಲಿ ಹಿಂದೆ ಬರುವ ಗಾಡಿಗಳು ಕಾಣಲಿಲ್ಲ, ಎರಡು ದೊಡ್ಡ ಕಣ್ಣುಗಳು ಮಾತ್ರ ಕಂಡವು. ಹೆಬ್ಬಾಳ ದಾಟುವಷ್ಟರಲ್ಲಿ ಬಾಳೆಹಣ್ಣು ಮುಗಿಯಿತು. ಆಮೇಲೆ ಆ ಕಿಟಕಿಯಿಂದ ನಾಲಿಗೆ ಒಳಗೆ ಬಂತು. ಮಾರತಹಳ್ಳಿ ತಲುಪುವ ಹೊತ್ತಿಗೆ ನನ್ನ ಹೆಂಡತಿಯ ಜಡೆಯಲ್ಲಿದ್ದ ಮಲ್ಲಿಗೆ ದಂಡೆ ಪೂರ್ತಿ ಹಸುವಿನ ಹೊಟ್ಟೆ ಸೇರಿತ್ತು, ಕೂದಲೂ ಹೆಗಲೂ ತೊಯ್ದು ತೊಪ್ಪೆಯಾಗಿದ್ದವು. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲೇ ಇಲ್ಲ.

ಗೇಟಿನಲ್ಲಿ ಅದೇ ಸೆಕ್ಯುರಿಟಿ. ನಾನು ಕೇಳದೆಯೇ ಸ್ಟೇರಿಂಗನ್ನು ಹಿಂದಿನ ಗೇಟಿನ ಕಡೆ ತಿರುಗಿಸಿದೆ. ಅವನು ಓಡಿ ಬಂದು ಅಡ್ಡ ನಿಂತ. ಹಿಂದಿನ ಸೀಟಿನಲ್ಲಿ ಕೂತ ಕರುವನ್ನು ನೋಡಿದ, ಬಾಡಿಯಲ್ಲಿ ನಿಂತ ಹಸುವನ್ನು ನೋಡಿದ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಹಸುವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಅಕ್ಕಾರ, ಲಕ್ಷ್ಮೀನ ಹಿಂದಿನ ಬಾಗಿಲಿಂದ ಕರ್ಕೊಳ್ಳಾಕ ಬರ್ತದೇನ್ರಿ? ಮುಂದ ಬರ್ರಿ."

ಕಾರುಗಳಿಗೆ ಒಂದೇ ಬಾಗಿಲು ತೆರೆಯುತ್ತಿದ್ದ ಆ ದೊಡ್ಡ ಗೇಟಿನ ಎರಡೂ ಬಾಗಿಲುಗಳನ್ನು ತೆರೆದ. ಕಾರಂಜಿಯ ಸುತ್ತ ಹಾದು ಗಾಡಿ ಮುಂಬಾಗಿಲಿಗೆ ಬರುತ್ತಿದ್ದಂತೆ ವಾಲಗದವರು ಊದಲು ಶುರುಮಾಡಿದರು. ಬಾಲ್ಕನಿಗಳಲ್ಲಿ ಜನ ಬಂದು ನಿಂತರು. ಮಕ್ಕಳು ಕರು ಕರು ಎಂದು ಓಡಿಬಂದವು. ನಾನು ಇಳಿದು ಬಾಗಿಲು ತೆಗೆದೆ. ಹೂವಿಲ್ಲದ ಜಡೆ, ಹುಲ್ಲು ಹತ್ತಿದ ಸೀರೆ, ತೋಳಿನಲ್ಲಿ ಕರು ಹಿಡಿದು ಅವಳು ಇಳಿದಳು. ತಂಗಿ ಆರತಿ ತಟ್ಟೆ ಹಿಡಿದು ಬಂದವಳು, ಹಸುವನ್ನು ಇನ್ನೂ ಇಳಿಸದಿದ್ದುದರಿಂದ ಮೊದಲು ಅಕ್ಕನಿಗೇ ಎತ್ತಿದಳು. ಅಕ್ಕ ಬರ್ತೀಯೋ ಇಲ್ವೋ ಅಂತ ಹೆದರಿಬಿಟ್ಟಿದ್ದೆ ಕಣೇ ಎಂದು ಅಪ್ಪಿಕೊಂಡಳು. ನಾನು ಹಲಗೆ ಹುಡುಕುವವನಂತೆ ಗಾಡಿಯ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತೆ.

ಅತ್ತೆಯವರು ಕಾಣಲಿಲ್ಲ. ಎಲ್ಲರೂ ಹುಡುಕುತ್ತಿರುವಾಗ ಅಡುಗೆಮನೆಯ ಕಡೆಯಿಂದ ಕೋಪದಲ್ಲಿ ಬಂದರು. ಮುಂದಿನ ಬಾಗಿಲಲ್ಲಿ ಹಸು ಇಳಿಯುತ್ತಿದೆ, ಕಾರುಗಳೆಲ್ಲ ಹಿಂದಿನ ಗೇಟಿಗೆ ಹೋಗಿ ಎಂದು ಆ ಸೆಕ್ಯುರಿಟಿ, ದಾರಿಯಲ್ಲಿ ಹೂವು ಕೊಳ್ಳಲು ನಿಂತು ನಮ್ಮ ಹಿಂದೆ ಬಂದ ಬಿಳಿ ಕಾರನ್ನು ತಿರುಗಿಸಿ ಕಳಿಸಿದ್ದ.

ಊಟ ಮುಗಿಸಿ ಹೊರಟಾಗ ಸಂಜೆಯಾಗುತ್ತಿತ್ತು. ನಮ್ಮ ಬೀದಿಗೆ ಬಂದರೆ ನರ್ಸರಿಯವರು ಮನೆ ಮುಂದೆ ಕಾಯುತ್ತಿದ್ದರು. ನಾನು ಇಳಿದು ಹಿಂದಿನ ಬಾಗಿಲ ಹತ್ತಿರ ಹೋದೆ. ಕರು ಅವಳ ತೊಡೆಯ ಮೇಲೆ ತಲೆಯಿಟ್ಟು ಗಾಢವಾಗಿ ನಿದ್ದೆ ಹೋಗಿತ್ತು. ಅವಳ ಕೈ ಅದರ ಕಿವಿಯ ಮೇಲಿತ್ತು. ಅವರು ಬಂದಿದ್ದಾರೆ, ಏನು ಹೇಳಲಿ ಎಂದು ಕೇಳಿದೆ. ಅವಳು ಗಾಜನ್ನು ಎರಡು ಬೆರಳಷ್ಟು ಇಳಿಸಿದಳು.

"ಮೆಲ್ಲಗೆ ಮಾತಾಡಿ ರೀ. ಈಗ ತಾನೇ ಮಲ್ಕೊಂಡಿದೆ" ಎಂದು ಗಾಜು ಏರಿಸಿಬಿಟ್ಟಳು.

ನರ್ಸರಿಯವರು ಒಳಗಿದ್ದ ಕರುವನ್ನೂ, ಹಿಂದೆ ಮೆಲುಕು ಹಾಕುತ್ತಿದ್ದ ಹಸುವನ್ನೂ ನೋಡಿ, ಹಾಗಾದರೆ ಗಾಡಿ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಕರು ಎದ್ದ ಮೇಲೆ ಫೋನ್ ಮಾಡ್ತೀನಿ ಎಂದು ನಾನೂ ಪಿಸುಗುಟ್ಟಿದೆ. ದೊಡ್ಡ ಮನುಷ್ಯ, ಚಪ್ಪಲಿ ಸದ್ದಾಗದಂತೆ ತುದಿಗಾಲಲ್ಲಿ ನಡೆದು ಹೋದರು.

ಆ ಕರು ಎದ್ದು, ಬೆಳೆದು, ಈಗ ಅದೇ ಎರಡು ಕರು ಹಾಕಿದೆ. ನಾನಿನ್ನೂ ಅವರಿಗೆ ಫೋನ್ ಮಾಡಿಲ್ಲ.